ಗುರಾಣಿಯ ಮೇಲಿನ ಮುಖ ಯಾರನ್ನು ನೋಡುತ್ತಿದೆ?

ಎಲ್ಲರಿಗೂ ನಮಸ್ಕಾರ. ಇದು ಹಳೆಯ ಗ್ರೀಕರ ಗುರಾಣಿ, ಕವಚಗಳ ಮೇಲಿನ ಪುರಾಣ ಚಿತ್ರಗಳ ಬಗ್ಗೆ ಉಪನ್ಯಾಸದಲ್ಲಿ ಮಾತಾಡಿದ್ದನ್ನೇ ಬರಹಕ್ಕೆ ಇಳಿಸಿದ್ದು. ಪರದೆಯ ಮೇಲೆ ತೋರಿಸಿದ ಚಿತ್ರಗಳು ಇಲ್ಲಿಲ್ಲ, ಅದಕ್ಕೇ ಅಲ್ಲಲ್ಲಿ ಎರಡು ಮಾತು ಜಾಸ್ತಿ ಸೇರಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನೂ ಉಳಿಸಿಕೊಂಡಿದ್ದೇನೆ.

ಮೊದಲು ಒಂದು ಹೂಜಿ ನೋಡೋಣ. ರೋಮ್ ನಗರದ ವಿಲ್ಲಾ ಜೂಲಿಯಾ ಮ್ಯೂಸಿಯಂನಲ್ಲಿದೆ, ಕೀಜಿ ಹೂಜಿ ಅಂತ ಹೆಸರು. ಎತ್ತರ ಸುಮಾರು 26 ಸೆಂಟಿಮೀಟರ್ ಅಷ್ಟೇ. ಕ್ರಿ.ಪೂ. 650-640ರ ಹೊತ್ತಿಗೆ ಗ್ರೀಸಿನ ಕೊರಿಂತ್ ಶೈಲಿಯಲ್ಲಿ ಮಾಡಿದ್ದು, ಸಿಕ್ಕಿದ್ದು ಮಾತ್ರ ಇಟಲಿಯ ಒಂದು ಗೋರಿಯಲ್ಲಿ. ಅದರ ಮೇಲಿನ ಪಟ್ಟಿಯಲ್ಲಿ ಎರಡು ಸೈನ್ಯಗಳು ಎದುರುಬದುರಾಗಿ ಮುನ್ನುಗ್ಗುತ್ತಿವೆ. ಬಲಗಡೆಯವರ ಗುರಾಣಿಯ ಹೊರಮೈ ನಮಗೆ ಕಾಣುತ್ತದೆ. ಒಂದರ ಮೇಲೆ ಹಾರುವ ಹಕ್ಕಿ, ಇನ್ನೊಂದರ ಮೇಲೆ ಗೂಳಿಯ ತಲೆ, ಮತ್ತೊಂದರ ಮೇಲೆ ನಮ್ಮನ್ನೇ ದುರುಗುಟ್ಟಿ ನೋಡುವ ಗಾರ್ಗನ್ ಎಂಬ ರಾಕ್ಷಸಿಯ ಮುಖ. ಎಡಗಡೆಯವರದ್ದು ಒಳಮೈ ಕಾಣುತ್ತದೆ. ತೋಳು ತೂರಿಸುವ ಪಟ್ಟಿ, ಕೈಯಲ್ಲಿ ಹಿಡಿಯುವ ಹಿಡಿ, ಅಷ್ಟೇ. ಎಲ್ಲರೂ ಎಡಗೈಯಲ್ಲಿ ಗುರಾಣಿ ಹಿಡಿದಿರುವುದರಿಂದ ಹಾಗೆ ಕಾಣಲೇಬೇಕು. ಚಿತ್ರಕಾರ ಬೇಕಂತಲೇ ಮಾಡಿದ್ದೇನೂ ಅಲ್ಲ. ಆದರೆ ಇವತ್ತು ನಾನು ಹೇಳಬೇಕು ಅಂದುಕೊಂಡಿರುವ ಮಾತು ಪೂರ್ತಿ ಈ ಒಂದು ಹೂಜಿಯಲ್ಲಿದೆ: ಗುರಾಣಿಗೆ ಎರಡು ಮುಖ, ಎರಡು ಕಡೆಯೂ ನೋಡುವವರು ಬೇರೆ ಬೇರೆ.

ಗ್ರೀಕ್ ಕವಚಗಳ ಮೇಲಿನ ಪುರಾಣ ಚಿತ್ರಗಳ ಬಗ್ಗೆ ಓದಲು ಹೋದರೆ ಸಾಮಾನ್ಯವಾಗಿ ಒಂದು ಪಟ್ಟಿ ಸಿಗುತ್ತದೆ. ಸಿಂಹ ಅಂದರೆ ಧೈರ್ಯ, ಹಾವು ಅಂದರೆ ಭೂಮಿ, ಹದ್ದು ಅಂದರೆ ದೇವತೆಗಳ ರಾಜ ಜ್ಯೂಸ್, ಗಾರ್ಗನ್ ಅಂದರೆ ಭಯ. ಪರೀಕ್ಷೆಗೆ ಓದುವುದಕ್ಕೆ ಸರಿ. ಆದರೆ ಅದೇ ಚಿತ್ರ ನೋಡುವವರು ಬದಲಾದರೆ ಬೇರೆ ಕೆಲಸ ಮಾಡುತ್ತದೆ. ಹಾಗಾಗಿ ಪ್ರತಿ ಚಿತ್ರಕ್ಕೂ ನಾನು ಕೇಳುವುದು ಒಂದೇ ಪ್ರಶ್ನೆ: ಇದನ್ನು ಯಾರು ನೋಡಲಿ ಅಂತ ಬರೆಸಿದರು? ಎದುರಾಳಿಯೋ, ಪಕ್ಕದಲ್ಲಿ ನಿಂತ ಗೆಳೆಯನೋ, ದೇವರೋ, ಇಲ್ಲ ಹಿಡಿದವನೇನಾ?

ಗುರಾಣಿಯ ಬಗ್ಗೆ ಎರಡು ಮಾತು. ಹಾಪ್ಲೈಟ್ ಅನ್ನುವ ಕಾಲಾಳು ಹಿಡಿಯುತ್ತಿದ್ದದ್ದು ದುಂಡನೆಯ, ಬಟ್ಟಲಿನಂತೆ ಒಳಕ್ಕೆ ಬಾಗಿದ ಮರದ ಗುರಾಣಿ. ಅಡ್ಡಳತೆ 80ರಿಂದ 100 ಸೆಂಟಿಮೀಟರ್. ತೂಕ ಆರೇಳು ಕಿಲೋ. ಅದರ ಮೇಲೆ ಕೆಲವೊಮ್ಮೆ ತೆಳ್ಳನೆಯ ಕಂಚಿನ ಹೊದಿಕೆ. ಗಲ್ಲದಿಂದ ಮೊಣಕಾಲಿನವರೆಗೆ ಮುಚ್ಚುತ್ತಿತ್ತು. ಇದನ್ನು ಊರು ಕೊಡುತ್ತಿರಲಿಲ್ಲ, ಬಹಳ ಕಾಲದವರೆಗೆ ಸೈನಿಕ ತನ್ನ ದುಡ್ಡಿನಲ್ಲೇ ಮಾಡಿಸಿಕೊಳ್ಳಬೇಕಿತ್ತು. ಅಂದರೆ ಚಿತ್ರವೂ ಅವನದೇ ಆಯ್ಕೆ. ಎದೆಗವಚ, ಹೆಲ್ಮೆಟ್, ಮೊಣಕಾಲು ಕವಚ ಇವುಗಳ ಮೇಲೂ ಚಿತ್ರಗಳಿವೆ. ಆದರೆ ಇಷ್ಟು ದೊಡ್ಡ, ಇಷ್ಟು ಎದ್ದು ಕಾಣುವ ಜಾಗ ಇನ್ನೊಂದಿಲ್ಲ. ಅದಕ್ಕೇ ಇವತ್ತಿನ ಮಾತು ಜಾಸ್ತಿ ಗುರಾಣಿಯ ಸುತ್ತಲೇ ಇರುತ್ತದೆ. ಗುರಾಣಿಯ ಮೇಲೆ ಚಿತ್ರ ಬರೆಯುವುದನ್ನು, ಹೆಲ್ಮೆಟ್‌ಗೆ ಜುಟ್ಟು ಕಟ್ಟುವುದನ್ನು ಗ್ರೀಕರು ಏಷ್ಯಾ ಮೈನರ್‌ನ ಕಾರಿಯನ್ ಜನರಿಂದ ಕಲಿತರು ಅಂತ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬರೆಯುತ್ತಾನೆ. ನಿಜವೋ ಸುಳ್ಳೋ, ಗ್ರೀಕರೇ ಇದನ್ನು ಹೊರಗಿನಿಂದ ಬಂದದ್ದು ಅಂತ ಭಾವಿಸಿದ್ದರು ಅನ್ನುವುದು ನನಗೆ ಸ್ವಾರಸ್ಯ ಅನ್ನಿಸುತ್ತದೆ.

ಈಗ ಗಾರ್ಗನ್. ಇವಳನ್ನು ಬಿಟ್ಟು ಮುಂದೆ ಹೋಗಲು ಆಗುವುದಿಲ್ಲ.

ಕಥೆ ನಿಮಗೆ ಗೊತ್ತೇ ಇದೆ. ಮೆಡೂಸಾ ಎಂಬ ಗಾರ್ಗನ್‌ಳ ಮುಖ ನೋಡಿದವರು ಕಲ್ಲಾಗುತ್ತಾರೆ. ಪರ್ಸಿಯಸ್ ಅವಳತ್ತ ನೇರ ನೋಡದೆ ತಲೆ ಕತ್ತರಿಸುತ್ತಾನೆ, ಕೊನೆಗೆ ಆ ತಲೆಯನ್ನು ಅಥೀನಾ ದೇವಿಗೆ ಕೊಡುತ್ತಾನೆ. ಕತ್ತರಿಸಿದ ಮೇಲೂ ಆ ತಲೆಯ ಶಕ್ತಿ ಹೋಗುವುದಿಲ್ಲ. ಆದರೆ ಟ್ರಾಯ್ ಯುದ್ಧದ ಬಗ್ಗೆ ಹೋಮರ್ ಹೇಳಿದ ಮಹಾಕಾವ್ಯ ಇಲಿಯಡ್ ತೆರೆದರೆ ಪರ್ಸಿಯಸ್ ಆ ತಲೆ ಕತ್ತರಿಸಿದ ಕಥೆ ಅಲ್ಲಿಲ್ಲ! ತಲೆ ಮಾತ್ರ ಇದೆ. 5ನೇ ಭಾಗದಲ್ಲಿ ಅಥೀನಾ ಹೊದ್ದುಕೊಳ್ಳುವ ಈಜಿಸ್ ಎಂಬ ರಕ್ಷೆಯ ಹೊದಿಕೆಯ ಮೇಲಿದೆ, 11ನೇ ಭಾಗದಲ್ಲಿ ಗ್ರೀಕ್ ಸೇನೆಯ ನಾಯಕ ಆಗಮೆಮ್ನಾನ್‌ನ ಗುರಾಣಿಯ ನಡುವೆ ಇದೆ. ಅವನ ಗುರಾಣಿಯಲ್ಲಿ ಅವಳ ಅಕ್ಕಪಕ್ಕ ದಿಗಿಲು ಮತ್ತು ಭೀತಿ ಅನ್ನುವ ಎರಡು ದೇವತೆಗಳು ಬೇರೆ. ಯುದ್ಧದ ಹುಚ್ಚು ಹತ್ತಿದ ಟ್ರಾಯ್ ವೀರ ಹೆಕ್ಟರನ ಕಣ್ಣುಗಳನ್ನೂ ಹೋಮರ್ ಗಾರ್ಗನ್ ಕಣ್ಣಿಗೆ ಹೋಲಿಸುತ್ತಾನೆ. ಇದನ್ನೆಲ್ಲ ನೋಡಿದರೆ ನನಗೆ ಅನ್ನಿಸುವುದು, ಮುಖ ಮೊದಲು ಬಂತು, ಕಥೆ ಆಮೇಲೆ ಅದಕ್ಕೆ ಅಂಟಿಕೊಂಡಿತು. ಎಲ್ಲ ವಿದ್ವಾಂಸರೂ ಇದನ್ನು ಒಪ್ಪುವುದಿಲ್ಲ, ಇದು ನನ್ನ ಒಲವು ಅಂತ ಇಟ್ಟುಕೊಳ್ಳಿ.

ಆ ಮುಖವನ್ನು ಸ್ವಲ್ಪ ಗಮನಿಸಿ. ಗ್ರೀಕ್ ಹೂಜಿಗಳ ಮೇಲಿನ ಜನರೆಲ್ಲ ಸಾಮಾನ್ಯವಾಗಿ ಪಕ್ಕಕ್ಕೆ ಮುಖ ಮಾಡಿರುತ್ತಾರೆ. ಅವರು ಒಬ್ಬರನ್ನೊಬ್ಬರು ನೋಡುತ್ತಾರೆ, ನಾವು ಹೊರಗೆ ನಿಂತು ಅವರನ್ನು ನೋಡುತ್ತೇವೆ. ಗಾರ್ಗನ್ ಹಾಗಲ್ಲ. ಓಡುತ್ತಿದ್ದರೂ, ಮೈ ಪಕ್ಕಕ್ಕೆ ತಿರುಗಿದ್ದರೂ ಮುಖ ಮಾತ್ರ ನೇರ ನಮ್ಮ ಕಡೆಗೆ. ಅಗಲ ಬಾಯಿ, ಕೋರೆಹಲ್ಲು, ಹೊರಗೆ ಚಾಚಿದ ನಾಲಿಗೆ, ಕೆಲವು ಕಡೆ ಗಡ್ಡ ಕೂಡ. ಹೆಣ್ಣಿಗೆ ಗಡ್ಡವೇ ಅಂತ ಕೇಳಬೇಡಿ, ಗಾಬರಿ ಹುಟ್ಟಿಸಲು ಏನೇನು ಬೇಕೋ ಎಲ್ಲವನ್ನೂ ಸೇರಿಸಿದ್ದಾರೆ. ಒಲಿಂಪಿಯಾದ ಮ್ಯೂಸಿಯಂನಲ್ಲಿ ಕ್ರಿ.ಪೂ. 6ನೇ ಶತಮಾನದ ಒಂದು ಕಂಚಿನ ಗುರಾಣಿ ಚಿತ್ರವಿದೆ. ನಡುವೆ ಗಾರ್ಗನ್ ಮುಖ, ಅದರ ಸುತ್ತ ಮೂರು ರೆಕ್ಕೆಗಳು ಗಿರಗಿರನೆ ತಿರುಗುತ್ತಿರುವ ಹಾಗೆ ಜೋಡಿಸಿದ್ದಾರೆ. ನಿಂತ ಚಿತ್ರವೇ, ಆದರೂ ನೋಡುತ್ತಾ ನಿಂತರೆ ಕಣ್ಣು ಸುತ್ತುತ್ತದೆ. ಈಟಿ ಹಿಡಿದು ಎದುರಿಗೆ ಬರುತ್ತಿರುವ, ಹೆಲ್ಮೆಟ್ಟಿನ ಸಣ್ಣ ಸೀಳಿನಿಂದ ನೋಡುತ್ತಿರುವ ಮನುಷ್ಯನಿಗೆ ಇಂಥ ನೂರಾರು ಮುಖಗಳು ಒಟ್ಟಿಗೆ ಕಂಡರೆ ಹೇಗಿರಬೇಡ!

ಇನ್ನೊಂದು ವಿಷಯ. ಇದೇ ಮುಖ ಯುದ್ಧಕ್ಕೆ ಸಂಬಂಧವೇ ಇಲ್ಲದ ಕಡೆಯೂ ಇದೆ. ಕೊರ್ಫೂ ದ್ವೀಪದ ಆರ್ಟೆಮಿಸ್ ದೇವಾಲಯದ ಮುಂಭಾಗದಲ್ಲಿ, ಸುಮಾರು ಕ್ರಿ.ಪೂ. 580ರಲ್ಲಿ, ಆಳೆತ್ತರಕ್ಕೂ ಮೀರಿದ ಗಾರ್ಗನ್ ಕೆತ್ತಿದ್ದಾರೆ. ವೈನ್ ಕುಡಿಯುವ ಬಟ್ಟಲಿನ ತಳದಲ್ಲೂ ಅವಳಿದ್ದಾಳೆ. ನಮ್ಮೂರುಗಳಲ್ಲಿ ಕಟ್ಟುತ್ತಿರುವ ಮನೆಯ ಮುಂದೆ ನಾಲಿಗೆ ಚಾಚಿದ ದೃಷ್ಟಿಗೊಂಬೆ ತೂಗುಹಾಕುತ್ತಾರಲ್ಲ, ಅದರ ಕೆಲಸವನ್ನೇ ಅವಳೂ ಮಾಡುತ್ತಿದ್ದಳು. ಒಂದರಿಂದ ಇನ್ನೊಂದು ಬಂತು ಅಂತ ನಾನು ಹೇಳುತ್ತಿಲ್ಲ. ಕೆಟ್ಟದ್ದನ್ನು ಇನ್ನೊಂದು ಕೆಟ್ಟ ಮುಖದಿಂದ ಓಡಿಸುವ ಉಪಾಯ ಜನರಿಗೆ ಎಲ್ಲ ಕಡೆಯೂ ಹೊಳೆದಿದೆ, ಅಷ್ಟೇ. ಹಾಗಾಗಿ ಗುರಾಣಿಯ ಮೇಲೆ ಅವಳಿದ್ದರೆ ಅದು ಎದುರಾಳಿಯನ್ನು ಹೆದರಿಸಲಿಕ್ಕೂ ಹೌದು, ಹಿಡಿದವನಿಗೆ ತಾಯಿತವೂ ಹೌದು. ಬ್ರಿಟಿಷ್ ಮ್ಯೂಸಿಯಂನಲ್ಲಿ ಇಟಲಿಯ ರೂವೊದಲ್ಲಿ ಸಿಕ್ಕ ಒಂದು ಜೊತೆ ಕಂಚಿನ ಮೊಣಕಾಲು ಕವಚ ಇವೆ, ಎರಡೂ ಮೊಣಕಾಲಿನ ಮೇಲೆ ಒಂದೊಂದು ಗಾರ್ಗನ್. ಯುದ್ಧದ ಗಲಾಟೆಯಲ್ಲಿ ಯಾರ ಮೊಣಕಾಲು ಯಾರು ನೋಡುತ್ತಾರೆ? ಅಲ್ಲಿ ತಾಯಿತದ ಕೆಲಸವೇ ಜಾಸ್ತಿ ಅಂತ ನನ್ನ ಊಹೆ.

ಹಾಗಾದರೆ ಗ್ರೀಕರು ಇದಕ್ಕೆಲ್ಲ ನಿಜಕ್ಕೂ ಹೆದರುತ್ತಿದ್ದರಾ? ಇದಕ್ಕೆ ಒಳ್ಳೆಯ ಉತ್ತರ ಒಂದು ಹಾಸ್ಯ ನಾಟಕದಲ್ಲಿದೆ. ಕ್ರಿ.ಪೂ. 425ರಲ್ಲಿ, ಅಥೆನ್ಸ್ ಮತ್ತು ಸ್ಪಾರ್ಟಾ ನಡುವೆ ಯುದ್ಧ ನಡೆಯುತ್ತಿದ್ದಾಗಲೇ, ಅರಿಸ್ಟೊಫನೀಸ್ ತನ್ನ ನಾಟಕದಲ್ಲಿ ಲಾಮಕಸ್ ಎಂಬ ಸೇನಾಪತಿಯನ್ನು ವೇದಿಕೆಗೆ ತಂದ. ಕಲ್ಪನೆಯ ಪಾತ್ರ ಅಲ್ಲ, ನಿಜವಾದ ಸೇನಾಪತಿ. ಅವನು ಗಾರ್ಗನ್ ಗುರಾಣಿ, ಗರಿಗರಿ ಜುಟ್ಟಿನ ಹೆಲ್ಮೆಟ್ ಹಾಕಿಕೊಂಡು, ನನ್ನ ಗಾರ್ಗನ್‌ಳನ್ನು ಚೀಲದಿಂದ ಎಬ್ಬಿಸಿದ್ದು ಯಾರು ಅಂತ ಗುಡುಗುತ್ತಾ ಬರುತ್ತಾನೆ. ಎದುರಿಗಿರುವವನು ಡಿಕೈಯೊಪೊಲಿಸ್, ಯುದ್ಧ ಸಾಕಾಗಿ ತನ್ನೊಬ್ಬನಿಗೇ ಶಾಂತಿ ಮಾಡಿಕೊಂಡಿರುವ ರೈತ. ಅಯ್ಯೋ ಆ ಗುಮ್ಮನನ್ನು ಆಚೆ ಇಡಪ್ಪಾ ಅಂತಾನೆ. ಗುರಾಣಿಯನ್ನು ಅಂಗಾತ ಇಡಿಸುತ್ತಾನೆ. ಆಮೇಲೆ ಹೆಲ್ಮೆಟ್ಟಿನಿಂದ ಒಂದು ಗರಿ ಕೇಳಿ ಇಸಕೊಳ್ಳುತ್ತಾನೆ. ಯಾಕೆ? ಗಂಟಲಿಗೆ ಹಾಕಿಕೊಂಡು ಆ ಗುರಾಣಿಯೊಳಗೇ ವಾಂತಿ ಮಾಡಲಿಕ್ಕೆ. ನಾಟಕಕ್ಕೆ ಮೊದಲ ಬಹುಮಾನ ಬಂತು. ನೋಡುತ್ತಾ ನಗುತ್ತಿದ್ದವರಲ್ಲಿ ಬಹಳ ಜನ ಸ್ವತಃ ಗುರಾಣಿ ಹಿಡಿದು ಹೋಗಿ ಬಂದವರು. ಮನೆಯ ಮೂಲೆಯಲ್ಲಿ ಅವರದ್ದೂ ಒಂದು ಗುರಾಣಿ ಚೀಲದಲ್ಲಿ ಇದ್ದೀತು. ಒಳಗಿನವರಿಗೆ ಮಾತ್ರ ಇಂಥ ನಗು ಸಾಧ್ಯ. ಲಾಮಕಸ್ 414ರಲ್ಲಿ ಸಿಸಿಲಿಯ ಸಿರಾಕ್ಯೂಸ್ ಹತ್ತಿರ ಹೋರಾಡುತ್ತಾ ಸತ್ತ, ಅದು ಬೇರೆ ಮಾತು.

ಇದೇ ಅನುಮಾನವನ್ನು ಗಂಭೀರವಾಗಿ ಎತ್ತಿದವನು ಈಸ್ಕಿಲಸ್. ಥೀಬ್ಸ್ ಪಟ್ಟಣದ ಏಳು ಬಾಗಿಲುಗಳ ಮೇಲೆ ಏಳು ವೀರರು ದಾಳಿ ಮಾಡುವ ಕಥೆಯ ಅವನ ನಾಟಕ ಕ್ರಿ.ಪೂ. 467ರದ್ದು. ಅದರ ನಡುಭಾಗ ಪೂರ್ತಿ ಗುರಾಣಿಗಳ ವರ್ಣನೆ. ದೂತ ಬಂದು ಒಂದೊಂದು ಬಾಗಿಲಿನಲ್ಲಿ ಯಾರಿದ್ದಾನೆ, ಅವನ ಗುರಾಣಿಯಲ್ಲಿ ಏನಿದೆ ಅಂತ ಹೇಳುತ್ತಾನೆ. ಒಳಗಿರುವ ರಾಜ ಎಟಿಯೊಕ್ಲಿಸ್ ಪ್ರತಿಯೊಂದಕ್ಕೂ ಎದುರುತ್ತರ ಕೊಡುತ್ತಾನೆ. ಮೊದಲನೆಯವನು ಟೈಡಿಯಸ್, ಅವನ ಗುರಾಣಿಯಲ್ಲಿ ನಕ್ಷತ್ರ ತುಂಬಿದ ರಾತ್ರಿಯ ಆಕಾಶ, ನಡುವೆ ಹುಣ್ಣಿಮೆ ಚಂದ್ರ, ಹೆದರಿಸಲು ಒಳಗಡೆ ಕಂಚಿನ ಗಂಟೆಗಳು. ಎಟಿಯೊಕ್ಲಿಸ್ ಹೇಳುವುದರ ಸಾರ ಇಷ್ಟು: ಚಿತ್ರ ಯಾರಿಗೂ ಗಾಯ ಮಾಡುವುದಿಲ್ಲ, ಈಟಿ ಇಲ್ಲದೆ ಗಂಟೆಯೂ ಜುಟ್ಟೂ ಕಚ್ಚುವುದಿಲ್ಲ. ಅಷ್ಟು ಹೇಳಿ ಸುಮ್ನೆ ಇರುವುದಿಲ್ಲ. ಆ ರಾತ್ರಿ ಸಾವಿನ ರಾತ್ರಿಯಾಗಿ ಅವನ ಕಣ್ಣಿನ ಮೇಲೇ ಇಳಿಯಲಿ ಅಂತಾನೆ. ಚಿತ್ರಕ್ಕೆ ಶಕ್ತಿ ಇಲ್ಲ ಅಂದ ಬಾಯಲ್ಲೇ ಆ ಚಿತ್ರವನ್ನು ಶಾಪವಾಗಿ ತಿರುಗಿಸುತ್ತಾನೆ, ನೋಡಿ.

ಇನ್ನೊಬ್ಬ ಹಿಪ್ಪೊಮೆಡನ್. ಅವನ ಗುರಾಣಿಯಲ್ಲಿ ಬಾಯಿಂದ ಹೊಗೆ ಕಾರುವ ಟೈಫಾನ್, ಜ್ಯೂಸ್‌ನನ್ನೇ ಎದುರಿಸಿದ ರಾಕ್ಷಸ. ಅವನ ಎದುರಿಗೆ ಎಟಿಯೊಕ್ಲಿಸ್ ನಿಲ್ಲಿಸುವುದು ಸಿಡಿಲು ಹಿಡಿದ ಜ್ಯೂಸ್ ಚಿತ್ರವಿರುವ ಹೈಪರ್ಬಿಯಸ್‌ನನ್ನು. ಪುರಾಣದಲ್ಲಿ ಗೆದ್ದವರು ಯಾರು ಅಂತ ಎಲ್ಲರಿಗೂ ಗೊತ್ತು, ಹಾಗಾಗಿ ಇಬ್ಬರು ಮನುಷ್ಯರು ಕೈ ಎತ್ತುವ ಮೊದಲೇ ಗುರಾಣಿಗಳ ಮಟ್ಟದಲ್ಲಿ ಯುದ್ಧ ಮುಗಿದಿರುತ್ತದೆ. ಪಾರ್ಥೆನೊಪೇಯಸ್‌ನ ಗುರಾಣಿ ಇವೆಲ್ಲಕ್ಕಿಂತ ಕುತಂತ್ರದ್ದು. ಥೀಬ್ಸ್ ಜನರನ್ನು ತಿನ್ನುತ್ತಿದ್ದ ಸ್ಫಿಂಕ್ಸ್ ಅಲ್ಲಿದ್ದಾಳೆ, ಅವಳ ಉಗುರಿನ ಕೆಳಗೆ ಒಬ್ಬ ಥೀಬ್ಸ್ ಮನುಷ್ಯ. ಒಳಗಿನಿಂದ ಎಸೆದ ಆಯುಧಗಳು ತಮ್ಮವನ ಚಿತ್ರಕ್ಕೇ ಬೀಳಲಿ ಅಂತ. ಊರಿನವರ ಹಳೆ ಗಾಯವನ್ನೇ ಹುಡುಕಿ ಕೆದಕುವುದು ಅಂದರೆ ಇದು.

ಆರನೆಯವನು ಆಂಫಿಯರೌಸ್. ಇವನ ಗುರಾಣಿಯ ಮೇಲೆ ಏನೂ ಇಲ್ಲ. ಖಾಲಿ ಕಂಚು. ಒಳ್ಳೆಯವನಾಗಿ ಕಾಣಬೇಕು ಅನ್ನುವ ಆಸೆ ಅವನಿಗಿಲ್ಲ, ಒಳ್ಳೆಯವನಾಗಿರಬೇಕು ಅಂತ ಬಯಸುವವನು ಅಂತ ದೂತ ಹೇಳುತ್ತಾನೆ. ಈ ಸಾಲು ಬಂದಾಗ ನಾಟಕ ನೋಡುತ್ತಿದ್ದವರೆಲ್ಲ ಅಲ್ಲೇ ಕೂತಿದ್ದ ಅರಿಸ್ಟೈಡೀಸ್ ಕಡೆಗೆ ತಿರುಗಿ ನೋಡಿದರು ಅಂತ ಜೀವನಚರಿತ್ರೆಗಳನ್ನು ಬರೆದ ಪ್ಲೂಟಾರ್ಕ್ ಹೇಳುತ್ತಾನೆ. ಅರಿಸ್ಟೈಡೀಸ್ ಪ್ರಾಮಾಣಿಕತೆಗೆ ಹೆಸರಾದ ಅಥೆನ್ಸ್ ರಾಜಕಾರಣಿ. ಪ್ಲೂಟಾರ್ಕ್ ಇದನ್ನು ಬರೆದದ್ದು ಐನೂರು ವರ್ಷಕ್ಕೂ ಹೆಚ್ಚು ಕಾಲ ಆದಮೇಲೆ, ಆದ್ದರಿಂದ ಸ್ವಲ್ಪ ಉಪ್ಪು ಖಾರ ಸೇರಿರಬಹುದು.

ನಾಟಕಕಾರ ಯೂರಿಪಿಡೀಸ್ ಕೂಡ ಒಂದು ಕಡೆ ಟ್ರಾಯ್ ಯುದ್ಧದ ಗ್ರೀಕ್ ವೀರ ಅಕಿಲೀಸ್‌ನ ಕವಚವನ್ನು ತುಂಡು ತುಂಡಾಗಿ ವರ್ಣಿಸಿದ್ದಾನೆ: ಗುರಾಣಿಯ ಅಂಚಿನಲ್ಲಿ ಗಾರ್ಗನ್ ತಲೆ ಹಿಡಿದು ಹಾರುವ ಪರ್ಸಿಯಸ್, ನಡುವೆ ಸೂರ್ಯ, ಹೆಲ್ಮೆಟ್ ಮೇಲೆ ಸ್ಫಿಂಕ್ಸ್‌ಗಳು, ಎದೆಗವಚದ ಮೇಲೆ ಪೆಗಾಸಸ್ ಕುದುರೆಯನ್ನು ಕಂಡು ಓಡುತ್ತಿರುವ ಬೆಂಕಿಯುಗುಳುವ ಕಿಮೆರಾ. ಹೋಮರನ ಅಕಿಲೀಸ್ ಗುರಾಣಿ ಇದಕ್ಕೆ ಪೂರ್ತಿ ಉಲ್ಟಾ. ಇಲಿಯಡ್‌ನ 18ನೇ ಭಾಗದಲ್ಲಿ ಹೆಫೈಸ್ಟಸ್ ದೇವರು ಆ ಗುರಾಣಿಯ ಮೇಲೆ ಕೆತ್ತುವುದು ಮದುವೆ ಮೆರವಣಿಗೆ, ಪಂಚಾಯ್ತಿ, ಉಳುಮೆ, ಕುಯಿಲು, ದ್ರಾಕ್ಷಿ ತೋಟ, ಕುಣಿತ, ಸುತ್ತ ಸಮುದ್ರ. ಮುತ್ತಿಗೆ ಹಾಕಿಸಿಕೊಂಡ ಒಂದು ಊರೂ ಇದೆ, ದನದ ಮೇಲೆ ಬಿದ್ದ ಸಿಂಹಗಳೂ ಇವೆ. ಆದರೆ ಗಾರ್ಗನ್ ಇಲ್ಲ. ಅದರ ಮೇಲೆ ಪುಸ್ತಕಗಟ್ಟಲೆ ಬರೆದಿದ್ದಾರೆ, ನಾನು ಅಲ್ಲಿಗೆ ಹೋದರೆ ವಾಪಸ್ ಬರುವುದಿಲ್ಲ. ಬಿಡೋಣ.

ಈಗ ಗುರಾಣಿಯನ್ನು ತಿರುಗಿಸೋಣ. ನನಗೆ ಇಡೀ ವಿಷಯದಲ್ಲಿ ತುಂಬ ಇಷ್ಟವಾದ ಭಾಗ ಇದು. ಜನ ಇದರ ಬಗ್ಗೆ ಮಾತಾಡುವುದು ಬಹಳ ಕಡಿಮೆ.

ಯುದ್ಧ ಗೆದ್ದವರು ಒಲಿಂಪಿಯಾದಲ್ಲಿ ಜ್ಯೂಸ್‌ಗೆ ಆಯುಧಗಳನ್ನು ಹರಕೆಯಾಗಿ ಒಪ್ಪಿಸುತ್ತಿದ್ದರು. ಅಲ್ಲಿನ ಅಗೆತದಲ್ಲಿ ಹೆಲ್ಮೆಟ್, ಗುರಾಣಿ ರಾಶಿರಾಶಿಯಾಗಿ ಸಿಕ್ಕಿವೆ, ಅಥೆನ್ಸ್ ಸೇನಾಪತಿ ಮಿಲ್ಟಿಯಡೀಸ್ ಒಪ್ಪಿಸಿದ್ದು ಅಂತ ಬರೆದಿರುವ ಹೆಲ್ಮೆಟ್ ಕೂಡ. ಅವುಗಳ ಜೊತೆ ಉದ್ದನೆಯ ತೆಳು ಕಂಚಿನ ಪಟ್ಟಿಗಳು ಸಿಕ್ಕವು. ಗುರಾಣಿಯ ಒಳಗಡೆ, ತೋಳು ತೂರಿಸುವ ಪಟ್ಟಿಯ ಮೇಲೂ ಕೆಳಗೂ ಇವನ್ನು ಜೋಡಿಸುತ್ತಿದ್ದರು. ಪಟ್ಟಿಯ ಉದ್ದಕ್ಕೂ ಸಣ್ಣ ಸಣ್ಣ ಚೌಕಗಳು, ಚೌಕಕ್ಕೊಂದು ಪುರಾಣದ ದೃಶ್ಯ. ಎಮಿಲ್ ಕುಂಟ್ಸೆ ಎಂಬ ಜರ್ಮನ್ ವಿದ್ವಾಂಸ ಇವನ್ನು ಒಟ್ಟುಮಾಡಿ 1950ರಲ್ಲಿ ಪ್ರಕಟಿಸಿದರು. ಬಹಳಷ್ಟು ಕ್ರಿ.ಪೂ. 6ನೇ ಶತಮಾನದವು. ಅಚ್ಚು ಒತ್ತಿ ಮಾಡಿದ್ದು, ಅದಕ್ಕೇ ಒಂದೇ ದೃಶ್ಯ ಬೇರೆ ಬೇರೆ ಗುರಾಣಿಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ಏನೇನು ದೃಶ್ಯಗಳು ಅಂತ ನೋಡಿದರೆ, ಹೆರಾಕ್ಲೀಸ್ ಸಿಂಹದ ಜೊತೆ ಸೆಣಸುವುದು, ಥೀಸಿಯಸ್ ಮಿನೊಟಾರ್‌ನನ್ನು ಕೊಲ್ಲುವುದು, ಜ್ಯೂಸ್ ಟೈಫಾನ್‌ನನ್ನು ಹೊಡೆಯುವುದು. ಇದೆಲ್ಲ ನಾವು ಊಹಿಸಿದ್ದೇ, ಗೆಲ್ಲುವವರ ಕಥೆ. ಆದರೆ ಪಕ್ಕದ ಚೌಕಗಳಲ್ಲಿ ಬೇರೆ ಏನೋ ಇದೆ. ತನ್ನ ಕತ್ತಿಯ ಮೇಲೆ ತಾನೇ ಬಿದ್ದು ಸತ್ತ ಗ್ರೀಕ್ ವೀರ ಅಜಾಕ್ಸ್. ಟ್ರಾಯ್ ಗೆದ್ದು ಮನೆಗೆ ಬಂದು ಹೆಂಡತಿಯ ಕೈಯಲ್ಲೇ ಕೊಲೆಯಾಗುವ ಆಗಮೆಮ್ನಾನ್. ಅಥೀನಾ ಮೂರ್ತಿಯನ್ನು ಅಪ್ಪಿಕೊಂಡ ಟ್ರಾಯ್ ರಾಜಕುಮಾರಿ ಕಸಾಂಡ್ರಾಳನ್ನು ಎಳೆಯುವ ಇನ್ನೊಬ್ಬ ಅಜಾಕ್ಸ್. ಮಗನ ಹೆಣ ಕೊಡು ಅಂತ ಅಕಿಲೀಸ್ ಮುಂದೆ ನಿಂತ ಟ್ರಾಯ್‌ನ ಮುದಿ ರಾಜ ಪ್ರಿಯಾಮ್.

ಇದು ಎದುರಾಳಿಗೆ ಕಾಣುವುದೇ ಇಲ್ಲ. ಪಕ್ಕದವನಿಗೂ ಸರಿಯಾಗಿ ಕಾಣುವುದಿಲ್ಲ. ತೋಳು ತೂರಿಸಿ ನಿಂತವನ ಕಣ್ಣಿಗೆ ಒಂದು ಗೇಣು ದೂರದಲ್ಲಿ ಇರುವುದು ಇದು. ಹೊರಗಡೆ ಗಾರ್ಗನ್ ಇಟ್ಟುಕೊಂಡು, ಒಳಗಡೆ ಅಜಾಕ್ಸ್‌ನ ಸಾವು ನೋಡುತ್ತಾ ನಿಲ್ಲುವುದು ಯಾಕೆ? ಕೆಲವರು ಇದಕ್ಕೆ ಅರ್ಥ ಹುಡುಕಬಾರದು, ಅಂಗಡಿಯಲ್ಲಿ ಯಾವ ಅಚ್ಚು ಇತ್ತೋ ಅದನ್ನು ಒತ್ತಿದರು ಅನ್ನುತ್ತಾರೆ. ಇರಬಹುದು. ಹರಕೆಗೆಂದೇ ಮಾಡಿಸಿದ ಗುರಾಣಿಗಳೂ ಇವುಗಳಲ್ಲಿ ಸೇರಿರಬಹುದು, ಆಗ ನೋಡುವವನು ಜ್ಯೂಸ್. ಆದರೂ ಅಂಗಡಿಯವನು ಆ ಅಚ್ಚನ್ನು ಮಾಡಿಟ್ಟುಕೊಂಡ ಅಂದರೆ ಕೊಳ್ಳುವವರು ಇದ್ದರು ಅಂತ ತಾನೇ? ನನ್ನ ಅಭಿಪ್ರಾಯ ಇಷ್ಟು. ಗ್ರೀಕರಿಗೆ ವೀರ ಅಂದರೆ ಗೆದ್ದವನು ಮಾತ್ರ ಆಗಿರಲಿಲ್ಲ. ಅವರ ದೊಡ್ಡ ವೀರರಲ್ಲಿ ಬಹಳ ಜನ ಕೆಟ್ಟದಾಗಿ ಸತ್ತವರು, ಸತ್ತ ಮೇಲೆ ಪೂಜೆ ಪಡೆದವರು. ಅಜಾಕ್ಸ್‌ಗೆ ಸಲಾಮಿಸ್ ದ್ವೀಪದಲ್ಲಿ ಪೂಜೆ ನಡೆಯುತ್ತಿತ್ತು. ಸಾಲಿನಲ್ಲಿ ನಿಂತವನಿಗೆ ತನಗೆ ಏನಾಗಬಹುದು ಅಂತ ಚೆನ್ನಾಗಿ ಗೊತ್ತಿತ್ತು, ಅದನ್ನೇ ಕಣ್ಣೆದುರು ಇಟ್ಟುಕೊಂಡ. ಹೊರಗಿನ ಚಿತ್ರ ಸುಳ್ಳು ಹೇಳಬಹುದು. ಒಳಗಿನದಕ್ಕೆ ಅದರ ಅಗತ್ಯ ಇರಲಿಲ್ಲ.

ಇನ್ನು ಮನೆತನದ ವಿಷಯ, ಇದು ಸ್ವಲ್ಪ ಬೇಗ ಮುಗಿಸುತ್ತೇನೆ. ಕ್ರಿ.ಶ. 2ನೇ ಶತಮಾನದಲ್ಲಿ ಗ್ರೀಸ್ ಸುತ್ತಿ ಬರೆದ ಪೌಸಾನಿಯಸ್ ಒಲಿಂಪಿಯಾದಲ್ಲಿ ಇಡೊಮೆನಿಯಸ್ ರಾಜನ ವಿಗ್ರಹ ನೋಡಿದ. ಗುರಾಣಿಯ ಮೇಲೆ ಹುಂಜ. ಯಾಕೆಂದರೆ ಆ ರಾಜ ಸೂರ್ಯವಂಶದವನು, ಸೂರ್ಯ ಹುಟ್ಟುವುದನ್ನು ಸಾರುವ ಹುಂಜ ಸೂರ್ಯನಿಗೆ ಸೇರಿದ್ದು. ಮಾಂಟಿನಿಯಾದಲ್ಲಿ ಥೀಬ್ಸ್ ಸೇನಾಪತಿ ಎಪಾಮಿನೊಂಡಾಸ್‌ನ ಗೋರಿಯ ಮೇಲಿನ ಗುರಾಣಿಯಲ್ಲಿ ಅವನು ಕಂಡದ್ದು ಸರ್ಪ. ಥೀಬ್ಸ್ ಕಟ್ಟಿದ ಕಾಡ್ಮಸ್ ಒಂದು ಸರ್ಪವನ್ನು ಕೊಂದು ಅದರ ಹಲ್ಲು ಬಿತ್ತಿದ, ಆ ನೆಲದಿಂದ ಎದ್ದುಬಂದವರ ಕುಲ ತನ್ನದು ಅಂತ ಅದು ಹೇಳುತ್ತಿತ್ತು. ಇಲ್ಲಿ ಪುರಾಣ ಎದುರಾಳಿಗಿಂತ ಜಾಸ್ತಿ ತನ್ನ ಊರಿನವರ ಜೊತೆ ಮಾತಾಡುತ್ತಿದೆ.

ಇಂಥ ರೂಢಿ ಇದ್ದದ್ದರಿಂದಲೇ ಅಲ್ಸಿಬಯಡೀಸ್ ಮಾಡಿದ್ದು ದೊಡ್ಡ ಸುದ್ದಿಯಾಯಿತು. ಅಥೆನ್ಸಿನ ಶ್ರೀಮಂತ ಮನೆಯ ಹುಡುಗ, ನೋಡಲು ಚೆಲುವ, ಸ್ವಲ್ಪ ಜಾಸ್ತಿಯೇ ಜಂಬ. ಮನೆತನದ ಗುರುತು ಬಿಟ್ಟು, ಬಂಗಾರದ ಲೇಪದ ಗುರಾಣಿಯ ಮೇಲೆ ಸಿಡಿಲು ಹಿಡಿದ ಎರೋಸ್‌ನನ್ನು ಹಾಕಿಸಿದ. ಎರೋಸ್ ಕಾಮದೇವ, ಸಿಡಿಲು ಜ್ಯೂಸ್‌ನ ಆಯುಧ. ಊರಿನ ಹಿರಿಯರು ಇದನ್ನು ನೋಡಿ ಮುಖ ಸಿಂಡರಿಸಿದರು ಅಂತ ಪ್ಲೂಟಾರ್ಕ್ ಹೇಳುತ್ತಾನೆ. ಹೆಸರಿಲ್ಲದ ಒಬ್ಬ ಸ್ಪಾರ್ಟಾದವನ ಕಥೆಯೂ ಅವನಲ್ಲೇ ಇದೆ. ಆ ಸೈನಿಕನ ಗುರಾಣಿಯ ಮೇಲಿದ್ದದ್ದು ಒಂದು ನೊಣ, ಅದೂ ನಿಜವಾದ ನೊಣದಷ್ಟೇ ದೊಡ್ಡದು. ಯಾರಿಗೂ ಕಾಣದ ಹಾಗೆ ಬಚ್ಚಿಟ್ಟುಕೊಳ್ಳಲಿಕ್ಕಾ ಅಂತ ಜೊತೆಯವರು ಕಿಚಾಯಿಸಿದರು. ಇಲ್ಲ, ನಾನು ಶತ್ರುವಿನ ಹತ್ತಿರ ಹೋಗುವ ರೀತಿಗೆ ಅವನಿಗೆ ಇದು ಎಷ್ಟು ದೊಡ್ಡದು ಅಂತ ಚೆನ್ನಾಗಿ ಕಾಣುತ್ತದೆ ಅಂದನಂತೆ. ದೇವರಿಲ್ಲ, ರಾಕ್ಷಸನಿಲ್ಲ. ಪುರಾಣದ ಅಬ್ಬರವನ್ನೆಲ್ಲ ಒಂದು ನೊಣ ಗೇಲಿ ಮಾಡಿತು.

ಕಾಲ ಕಳೆದ ಹಾಗೆ ಒಬ್ಬೊಬ್ಬರ ಚಿತ್ರದ ಜಾಗಕ್ಕೆ ಊರಿನ ಗುರುತು ಬಂತು. ಸ್ಪಾರ್ಟಾದವರದ್ದು ಲ್ಯಾಂಬ್ಡಾ ಅಕ್ಷರ, ಸಿಕಿಯೋನ್ ಊರಿನದು ಸಿಗ್ಮಾ, ಮಾಂಟಿನಿಯಾದ್ದು ಪೊಸೈಡನ್ ದೇವರ ತ್ರಿಶೂಲ, ಥೀಬ್ಸ್‌ನದ್ದು ಹೆರಾಕ್ಲೀಸ್‌ನ ಗದೆ, ಏಕೆಂದರೆ ಅವನು ಹುಟ್ಟಿದ್ದು ಅಲ್ಲೇ. ಕ್ರಿ.ಪೂ. 480ರ ಥರ್ಮೊಪಿಲೆ ಯುದ್ಧದಲ್ಲಿ ಎಲ್ಲ ಸ್ಪಾರ್ಟಾದವರ ಗುರಾಣಿಯಲ್ಲೂ ಲ್ಯಾಂಬ್ಡಾ ಇತ್ತು ಅನ್ನುವ ಹಾಗೆ ಸಿನಿಮಾಗಳಲ್ಲಿ ತೋರಿಸುತ್ತಾರೆ. ಆದರೆ ಅದಕ್ಕಿರುವ ಸಾಕ್ಷಿ 5ನೇ ಶತಮಾನದ ಕೊನೆಯ ಭಾಗದ್ದು, ಅದೂ ಒಂದು ಹಾಸ್ಯ ನಾಟಕದ ತುಣುಕು. ಗುರುತು ಒಂದೇ ಆದಮೇಲೆ ಮೋಸವೂ ಸುಲಭ. ಕ್ರಿ.ಪೂ. 392ರಲ್ಲಿ ಕೊರಿಂತ್ ಹತ್ತಿರ ಪಾಸಿಮಕಸ್ ಎಂಬ ಸ್ಪಾರ್ಟಾ ಕುದುರೆ ದಳದ ನಾಯಕ, ಸೋತು ಹಿಂದೆ ಸರಿಯುತ್ತಿದ್ದ ಸಿಕಿಯೋನ್ ಜನರ ಗುರಾಣಿ ಇಸಕೊಂಡು, ಕುದುರೆಗಳನ್ನು ಮರಕ್ಕೆ ಕಟ್ಟಿ, ಎದುರಾಳಿ ಊರಾದ ಆರ್ಗಾಸ್‌ನ ಸೈನ್ಯದ ಮೇಲೆ ಹೋದ. ಸಿಗ್ಮಾ ನೋಡಿದ ಆರ್ಗಾಸ್‌ನವರು ಇವರು ಸಿಕಿಯೋನ್‌ನವರು, ಏನು ಮಹಾ ಅಂತ ಅಸಡ್ಡೆ ಮಾಡಿದರು. ಈ ಸಿಗ್ಮಾಗಳು ನಿಮಗೆ ಮೋಸ ಮಾಡುತ್ತವೆ ನೋಡ್ತಿರಿ ಅಂತ ಅವಳಿ ದೇವರ ಮೇಲೆ ಆಣೆ ಇಟ್ಟು ನುಗ್ಗಿದ ಅಂತ ಇತಿಹಾಸಕಾರ ಝೆನೊಫನ್ ಬರೆಯುತ್ತಾನೆ. ಮೋಸ ಮಾಡಿದ್ದೇನೋ ಹೌದು, ಆದರೆ ಜನ ತೀರ ಕಡಿಮೆ ಇದ್ದರು, ಪಾಸಿಮಕಸ್ ಅಲ್ಲೇ ಸತ್ತ. 362ರಲ್ಲಿ ಮಾಂಟಿನಿಯಾ ಯುದ್ಧಕ್ಕೆ ಮುಂಚೆ ಆರ್ಕೇಡಿಯಾದ ಸೈನಿಕರು ತಮ್ಮ ಗುರಾಣಿಗಳ ಮೇಲೆ ತಾವೇ ಗದೆ ಬರೆದುಕೊಂಡರು. ಥೀಬ್ಸ್ ಆಗ ಗೆಲ್ಲುವ ಪಕ್ಷ. ಹೆರಾಕ್ಲೀಸ್ ಈ ಹೊತ್ತಿಗೆ ಹೆಚ್ಚುಕಮ್ಮಿ ಪಕ್ಷದ ಚಿಹ್ನೆ ಆಗಿಬಿಟ್ಟಿದ್ದ.

ಕೊನೆಯದಾಗಿ ಅಮೆಜಾನ್‌ಗಳು, ಯುದ್ಧ ಮಾಡುವ ಹೆಂಗಸರು. ಅಥೆನ್ಸಿನ ಪಾರ್ಥೆನಾನ್ ಗುಡಿಯೊಳಗೆ ಶಿಲ್ಪಿ ಫಿಡಿಯಾಸ್ ಮಾಡಿ ಕ್ರಿ.ಪೂ. 438ರಲ್ಲಿ ಪ್ರತಿಷ್ಠೆಯಾದ ಅಥೀನಾ ವಿಗ್ರಹದ ಗುರಾಣಿಯ ಹೊರಮೈಯಲ್ಲಿ ಗ್ರೀಕರು ಮತ್ತು ಅಮೆಜಾನ್‌ಗಳ ಯುದ್ಧವಿತ್ತು, ಒಳಮೈಯಲ್ಲಿ ದೇವತೆಗಳು ಮತ್ತು ದೈತ್ಯರ ಯುದ್ಧ. ಅಮೆಜಾನ್‌ಗಳ ಮರೆಯಲ್ಲಿ ಪರ್ಷಿಯಾದವರನ್ನು ತೋರಿಸಿದ್ದಾರೆ ಅಂತ ಬಹಳ ವಿದ್ವಾಂಸರು ಹೇಳುತ್ತಾರೆ, ಪೂರ್ವದಿಂದ ಬಂದು ಅಥೆನ್ಸ್ ಮೇಲೆ ದಾಳಿ ಮಾಡಿ ಸೋತವರು ಇಬ್ಬರೂ. ಆ ಯುದ್ಧದ ನಡುವೆ ಕಲ್ಲೆತ್ತಿದ ಬೋಳುತಲೆಯ ಮುದುಕನಾಗಿ ಫಿಡಿಯಾಸ್ ತನ್ನನ್ನೇ ಕೆತ್ತಿಕೊಂಡ, ಅಥೆನ್ಸ್ ನಾಯಕ ಪೆರಿಕ್ಲೀಸ್‌ನನ್ನೂ ಸೇರಿಸಿದ, ಅದಕ್ಕೆ ಜನ ಗಲಾಟೆ ಮಾಡಿದರು ಅಂತ ಪ್ಲೂಟಾರ್ಕ್ ಬರೆದಿದ್ದಾನೆ. ದೇವಿಯ ಗುರಾಣಿಯ ಮೇಲೆ ಸೆಲ್ಫಿ, ಇನ್ನೇನು ಮತ್ತೆ!

1977ರಲ್ಲಿ ಮನೋಲಿಸ್ ಆಂಡ್ರೊನಿಕೋಸ್ ಉತ್ತರ ಗ್ರೀಸಿನ ವರ್ಜೀನಾದಲ್ಲಿ ಮ್ಯಾಸಿಡೋನಿಯದ ರಾಜರ ಗೋರಿ ತೆರೆದಾಗ ಅಲ್ಲೂ ಒಂದು ಗುರಾಣಿ ಸಿಕ್ಕಿತು, ದಂತ, ಬಂಗಾರ, ಗಾಜಿನದ್ದು. ಚೂರುಚೂರಾಗಿತ್ತು, ವರ್ಷಗಟ್ಟಲೆ ಕೂತು ಜೋಡಿಸಿದರು. ನಡುವೆ ಒಬ್ಬ ಗಂಡಸು, ಅವನ ಬಳಿ ಕುಸಿಯುತ್ತಿರುವ ಒಬ್ಬ ಹೆಂಗಸು. ಅಕಿಲೀಸ್ ಮತ್ತು ಅಮೆಜಾನ್ ರಾಣಿ ಪೆಂಥೆಸಿಲಿಯಾ ಇರಬೇಕು ಅಂತ ಓದುತ್ತಾರೆ. ಕೊಲ್ಲುವ ಗಳಿಗೆಯಲ್ಲೇ ಅಕಿಲೀಸ್‌ಗೆ ಅವಳ ಮೇಲೆ ಮನಸ್ಸಾಯಿತು ಅಂತ ಕಥೆ. ಇದನ್ನು ಹಿಡಿದು ಯಾರೂ ಯುದ್ಧಕ್ಕೆ ಹೋಗಿರಲಾರರು, ಒಂದು ಏಟಿಗೆ ಪುಡಿಯಾಗುತ್ತಿತ್ತು. ಅದೇ ಗೋರಿಯಲ್ಲಿ ಮುಂಭಾಗದಲ್ಲಿ ಅಥೀನಾ ಮುಖವಿರುವ ಕಬ್ಬಿಣದ ಹೆಲ್ಮೆಟ್ ಕೂಡ ಸಿಕ್ಕಿತು. ಗೋರಿ ಅಲೆಕ್ಸಾಂಡರನ ಅಪ್ಪ ಎರಡನೇ ಫಿಲಿಪ್‌ನದೋ, ಮಲಸಹೋದರ ಫಿಲಿಪ್ ಅರ್ರಿಡಿಯಸ್‌ನದೋ ಅನ್ನುವ ಜಗಳ ಇನ್ನೂ ಮುಗಿದಿಲ್ಲ.

ಮಾತು ಇಲ್ಲಿಗೆ ನಿಂತಿತು, ಆಮೇಲೆ ಪ್ರಶ್ನೆಗಳು.

ಈ ಚಿತ್ರಗಳಿಗೆ ಬಣ್ಣ ಇತ್ತಾ ಅಂತ ಒಬ್ಬರು ಕೇಳಿದರು. ಇತ್ತು. ಮ್ಯೂಸಿಯಂಗಳಲ್ಲಿ ಹಸಿರು ಹಿಡಿದ ಕಂಚು ನೋಡಿ ನೋಡಿ ನಮಗೆ ಮರೆತುಹೋಗುತ್ತದೆ. ಮರ ಕೊಳೆತುಹೋಗುತ್ತದೆ, ಬಣ್ಣವೂ ಅದರ ಜೊತೆ ಹೋಗುತ್ತದೆ. ಅಥೆನ್ಸಿನ ಹಳೆಯ ಪೇಟೆ ಬಯಲು ಅಗೋರಾದಲ್ಲಿ 1936ರಲ್ಲಿ ಸಿಕ್ಕ, ಕ್ರಿ.ಪೂ. 425ರಲ್ಲಿ ಪೈಲಾಸ್‌ನಲ್ಲಿ ಸ್ಪಾರ್ಟಾದವರಿಂದ ಕಿತ್ತುಕೊಂಡ ಗುರಾಣಿಯಲ್ಲಿ ಈಗ ಉಳಿದಿರುವುದು ಕಂಚಿನ ಹೊದಿಕೆ ಮತ್ತು ಅಥೆನ್ಸಿನವರು ಚುಚ್ಚಿ ಬರೆದ ಒಂದು ಸಾಲು ಅಷ್ಟೇ. ಬಣ್ಣ ನೋಡಬೇಕು ಅಂದರೆ ಥೆಸಲೊನೀಕಿ ಹತ್ತಿರದ ಅಗಿಯೋಸ್ ಅಥನಾಸಿಯೋಸ್ ಗೋರಿಯ ಗೋಡೆ ಚಿತ್ರ ನೋಡಿ, ಕೆಂಪು ನೀಲಿ ಹಳದಿ ಎಲ್ಲ ಇವೆ.

ಮೆಡೂಸಾ ಈಗಿನ ಚಿತ್ರಗಳಲ್ಲಿ ಯಾಕೆ ಚೆಲುವೆಯಾಗಿರುತ್ತಾಳೆ ಅಂತ ಇನ್ನೊಬ್ಬರು. ಅದು ಈಗಿನವರು ಮಾಡಿದ್ದಲ್ಲ. ಕ್ರಿ.ಪೂ. 5ನೇ ಶತಮಾನದಿಂದಲೇ ಅವಳ ಕೋರೆಹಲ್ಲು, ಗಡ್ಡ ಎಲ್ಲ ಮೆಲ್ಲಗೆ ಮಾಯವಾಗಿ ಮನುಷ್ಯರ ಮುಖ ಬರುತ್ತದೆ. ಪಾಂಪೆಯಲ್ಲಿ ಸಿಕ್ಕಿ ಈಗ ನೇಪಲ್ಸ್‌ನಲ್ಲಿರುವ ಅಲೆಕ್ಸಾಂಡರ್ ಮೊಸಾಯಿಕ್‌ನಲ್ಲಿ ಅವನ ಎದೆಗವಚದ ಮೇಲೆ ಗಾರ್ಗನ್ ಇದ್ದಾಳೆ, ಅಗಲ ಕಣ್ಣು ಬಿಟ್ಟಿದ್ದಾಳೆ, ಆದರೆ ಹಳೆಯ ಭೂತದ ಹಾಗೆ ಇಲ್ಲ. ರಾಜನ ಎದೆಯ ಮೇಲೆ ಅವಳು ಅಲಂಕಾರವೂ ಆಗಬೇಕಿತ್ತು.

ಇದಕ್ಕೂ ಭಾರತಕ್ಕೂ ಏನಾದರೂ ನಂಟು ಇದೆಯಾ ಅನ್ನುವುದು ಕೊನೆಯ ಪ್ರಶ್ನೆ. ಒಂದು ನೇರ ನಂಟು ಇದೆ. ಕ್ರಿ.ಪೂ. 334ರಲ್ಲಿ ಏಷ್ಯಾಕ್ಕೆ ದಾಟಿದ ಅಲೆಕ್ಸಾಂಡರ್ ಟ್ರಾಯ್‌ಗೆ ಹೋಗಿ, ಅಲ್ಲಿನ ಅಥೀನಾ ಗುಡಿಯಲ್ಲಿ ತನ್ನ ಕವಚ ಒಪ್ಪಿಸಿ, ಟ್ರೋಜನ್ ಯುದ್ಧದ ಕಾಲದವು ಅಂತ ಇಟ್ಟಿದ್ದ ಆಯುಧಗಳನ್ನು ತೆಗೆದುಕೊಂಡ. ಯುದ್ಧದಲ್ಲಿ ಅವನ್ನು ಅವನ ಮುಂದೆ ಹೊತ್ತು ಹೋಗುತ್ತಿದ್ದರು. ಸುಮಾರು ಎಂಟು ವರ್ಷದ ಮೇಲೆ ಈಗಿನ ಪಾಕಿಸ್ತಾನದ ಪಂಜಾಬಿನಲ್ಲಿ ಮಲ್ಲಿ ಜನರ ಕೋಟೆಯೊಳಗೆ ಅವನು ಹೆಚ್ಚುಕಮ್ಮಿ ಒಬ್ಬನೇ ಧುಮುಕಿ, ಎದೆಗೆ ಬಾಣ ತಗುಲಿ ಬಿದ್ದಾಗ, ಪ್ಯೂಸೆಸ್ಟಸ್ ಎಂಬುವನು ಆ ಟ್ರಾಯ್ ಗುರಾಣಿಯನ್ನೇ ಅವನಿಗೆ ಅಡ್ಡ ಹಿಡಿದ ಅಂತ ಇತಿಹಾಸಕಾರ ಆರ್ರಿಯನ್ ಬರೆಯುತ್ತಾನೆ. ಅದರ ಮೇಲೆ ಯಾವ ಚಿತ್ರ ಇತ್ತು ಅಂತ ಆರ್ರಿಯನ್ ಹೇಳುವುದಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ ಬಿಡಿ, ಅಕಿಲೀಸ್ ಹೋರಾಡಿದ ಊರಿನ ಗುರಾಣಿ ಅಂದರೆ ಸಾಕಿತ್ತು, ಪುರಾಣವನ್ನು ಬೇರೆ ಅದರ ಮೇಲೆ ಬರೆಯಬೇಕಿರಲಿಲ್ಲ. ಪ್ಯೂಸೆಸ್ಟಸ್‌ಗೆ ಆಮೇಲೆ ಪರ್ಷಿಯಾ ಪ್ರಾಂತ್ಯದ ಅಧಿಕಾರ ಸಿಕ್ಕಿತು, ಅವನು ಅಲ್ಲಿನ ಭಾಷೆ ಕಲಿತು ಅಲ್ಲಿನವರ ಬಟ್ಟೆಯನ್ನೇ ಹಾಕಿಕೊಳ್ಳತೊಡಗಿದ.